ಕುರುಕ್ಷೇತ್ರ ನಾಟಕದ ಫ್ಲೆಕ್ಸ್‌ನಲ್ಲಿ ಇಲ್ಲದ ಹೆಸರುಗಳು: ಹಾರ್ಮೋನಿಯಂ ಮೇಷ್ಟ್ರಿಂದ ಸೀನರಿಯವರ ತನಕ

ಕಲ್ಪತರು ನಾಡಿನವನು:

ಎಲ್ಲ ಸದಸ್ಯರಿಗೂ ನಮಸ್ಕಾರ. ತಿಪಟೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಈ ವರ್ಷದ ಗ್ರಾಮದೇವತೆಯ ಹಬ್ಬಕ್ಕೆ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಆಡುವುದೆಂದು ಗೊತ್ತಾಗಿ, ನಾಲ್ಕು ತಿಂಗಳಿಂದ ಅಭ್ಯಾಸ ನಡೆಯುತ್ತಿದೆ. ನನ್ನ ಪಾಲಿಗೆ ಬಂದಿರುವುದು ವಿದುರನ ಪಾತ್ರ. ಮೂರು ಕಂದ ಪದ್ಯ, ಒಂದು ಹಾಡು, ಅಷ್ಟಿಷ್ಟು ಮಾತು. ಕಳೆದ ವಾರ ಬಸ್ ನಿಲ್ದಾಣದ ಬಳಿ ಫ್ಲೆಕ್ಸ್ ಕಟ್ಟಿದರು. ಇಪ್ಪತ್ತಕ್ಕೂ ಹೆಚ್ಚು ಪಾತ್ರಧಾರಿಗಳ ಭಾವಚಿತ್ರಗಳು, ಉದ್ಘಾಟನೆಗೆ ಬರುವ ಗಣ್ಯರ ಭಾವಚಿತ್ರಗಳು, ದಾನಿಗಳ ಹೆಸರುಗಳು ಎಲ್ಲವೂ ಅದರಲ್ಲಿದ್ದವು. ನಮಗೆ ಪದ್ಯ ಕಲಿಸಿದ ಹಾರ್ಮೋನಿಯಂ ಮೇಷ್ಟ್ರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ತಬಲಾದವರು, ಸ್ತ್ರೀ ಪಾತ್ರಗಳಿಗೆ ಬರುವ ಕಲಾವಿದೆಯರು, ರಂಗದ ಪರದೆ ಕಟ್ಟುವ ಸೀನರಿಯವರು, ಬಣ್ಣ ಹಚ್ಚುವವರು ಇವರ ಮಾತಂತೂ ದೂರವೇ ಉಳಿಯಿತು.

ಮೇಷ್ಟ್ರು ಇದನ್ನು ಕುರಿತು ಒಂದು ಮಾತೂ ಆಡಲಿಲ್ಲ. ಅಂದು ಸಂಜೆಯೂ ಎಂದಿನಂತೆ ಎಂಟು ಗಂಟೆಗೆ ಬಂದು, ಹಳೆಯ ಶಾಲೆಯ ಕೊಠಡಿಯಲ್ಲಿ ಚಾಪೆ ಹಾಸಿಕೊಂಡು, ಪೆಟ್ಟಿಗೆ ತೆರೆದು ಕುಳಿತರು. ಡೈರಿಗೆ ಹಾಲು ಹಾಕಿ ಒಬ್ಬೊಬ್ಬರಾಗಿ ಬರುವ ನಮ್ಮನ್ನು ಕಾಯುತ್ತ ಅವರು ನಿಧಾನವಾಗಿ ಮೋಹನ ರಾಗ ನುಡಿಸುತ್ತಿರುತ್ತಾರೆ. ನಮ್ಮ ಭೀಮನ ಪಾತ್ರಧಾರಿಗೆ ಶ್ರುತಿ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಅವನನ್ನು ಎಲ್ಲರೆದುರು ತಿದ್ದದೆ, ಅಭ್ಯಾಸ ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು, ಹಾರ್ಮೋನಿಯಂನ ಒಂದೇ ಮನೆಯನ್ನು, ಅಂದರೆ ಒಂದೇ ಕೀಲಿಯನ್ನು, ಕಿರುಬೆರಳಿನಿಂದ ಒತ್ತಿ ಹಿಡಿದು, ಆ ಒಂದು ಸ್ವರವನ್ನು ಮಾತ್ರ ಅವನಿಂದ ಹೇಳಿಸುತ್ತಿದ್ದರು. ಮೂರು ವಾರ ಹೀಗೆಯೇ ನಡೆಯಿತು. ಆಮೇಲೆ ಅವನಿಗೆ ತಿಳಿಯದ ಹಾಗೆ ಅವನ ಪದ್ಯಗಳನ್ನೆಲ್ಲ ಒಂದು ಮನೆ ಕೆಳಗಿಳಿಸಿದರು. ಈಗ ಅವನು ಹಾಡಿದರೆ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ಶಕುನಿಯ ಪಾತ್ರ ಮಾಡುವ ಹಿರಿಯರಿಗೆ ಓದು ಬರಹ ಬಾರದು. ಅವರಿಗೆ ಪದ್ಯ ಮತ್ತು ಮಾತು ಎರಡನ್ನೂ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದಾರೆ.

ನಾಟಕದ ದಿನ ಹಂಚಲು ಒಂದು ಕರಪತ್ರ ಅಚ್ಚು ಹಾಕಿಸಬೇಕೆಂದು ನನ್ನ ಆಸೆ. ಅದರಲ್ಲಿ ಈ ನಾಟಕವನ್ನು ಆಗುಮಾಡುವ ಪ್ರತಿಯೊಬ್ಬರ ಹೆಸರೂ, ಅವರು ಮಾಡುವ ಕೆಲಸದ ವಿವರವೂ ಇರಬೇಕು. ನಿಮ್ಮ ನಿಮ್ಮ ಕಡೆ ಈ ಕೆಲಸಗಳನ್ನು ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ. ನಾನು ಮುಂದಿನಿಂದ ಮಾತ್ರ ನಾಟಕ ನೋಡಿ ಬೆಳೆದವನು. ಹಿಂದುಗಡೆ ಏನಾಗುತ್ತದೆ ಎಂಬುದನ್ನು ಕಂಡದ್ದು ಈ ನಾಲ್ಕು ತಿಂಗಳಲ್ಲಿಯೇ.

ನಾಗಮಂಗಲದ ದುರ್ಯೋಧನ:

ತಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಫ್ಲೆಕ್ಸ್‌ನಲ್ಲಿ ಪಾತ್ರಧಾರಿಯ ಭಾವಚಿತ್ರ ಇರುವುದು ಆಡಂಬರಕ್ಕಾಗಿ ಮಾತ್ರ ಎಂಬ ಭಾವನೆ ತಮ್ಮ ಬರಹದಲ್ಲಿ ಸುಳಿದಂತೆ ನನಗೆ ಕಂಡಿತು. ನಮ್ಮ ಭಾಗದಲ್ಲಿ ಪಾತ್ರಧಾರಿಯೇ ನಾಟಕದ ಖರ್ಚು ಹೊರುವವನು. ಪಾತ್ರಕ್ಕೆ ಇಷ್ಟು ಎಂದು ಮೊದಲೇ ಹಣ ನಿಗದಿಯಾಗುತ್ತದೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣ ಇಂಥ ದೊಡ್ಡ ಪಾತ್ರಗಳಿಗೆ ಹೆಚ್ಚು, ಸೈನಿಕ, ದ್ವಾರಪಾಲಕರಿಗೆ ಕಡಿಮೆ. ನಾನು ಮೊದಲ ಬಾರಿ ದುರ್ಯೋಧನನ ಪಾತ್ರ ಮಾಡಿದಾಗ 35,000 ರೂಪಾಯಿ ಕೊಟ್ಟಿದ್ದೆ, ಮತ್ತು ಆ ಹಣಕ್ಕಾಗಿ ಒಂದು ಜೊತೆ ಹೋರಿ ಮಾರಿದ್ದೆ. ಮೇಷ್ಟ್ರ ಸಂಭಾವನೆ, ಸೀನರಿಯ ಬಾಡಿಗೆ, ಕಲಾವಿದೆಯರ ಸಂಭಾವನೆ ಎಲ್ಲವೂ ಸಂದಾಯವಾಗುವುದು ಈ ಹಣದಿಂದಲೇ.

ನನ್ನ ತಂದೆ ಇದೇ ಪಾತ್ರವನ್ನು ಮಾಡುತ್ತಿದ್ದರು. ಅವರು ತೀರಿಕೊಂಡ ವರ್ಷ, ಅವರು ಹಾಡುತ್ತಿದ್ದ ಕಂದವನ್ನು ನಾನು ಹಾಡಿದಾಗ ನಮ್ಮ ಅವ್ವ ಮುಂದಿನ ಸಾಲಿನಲ್ಲಿ ಕುಳಿತು ಅತ್ತರು. ಅದಕ್ಕಾಗಿ ನಾನು ಹೋರಿ ಮಾರಿದೆ, ಫ್ಲೆಕ್ಸ್‌ಗಾಗಿ ಅಲ್ಲ. ಮೇಷ್ಟ್ರ ಹೆಸರು ಹಾಕಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅವರನ್ನು ಎತ್ತಿ ಹೇಳುವ ಭರದಲ್ಲಿ, ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಹನ್ನೆರಡರವರೆಗೆ ಪದ್ಯ ಕಲಿಯುವ ರೈತನನ್ನು ಹಣ ಕೊಟ್ಟು ಪಾತ್ರ ಕೊಂಡವನೆಂದು ಯಾರೂ ಹಗುರವಾಗಿ ಕಾಣದಿರಲಿ.

ಎರಡೂವರೆ ಮನೆ:

ನಾನು ಇಪ್ಪತ್ತೆರಡು ವರ್ಷಗಳಿಂದ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದೇನೆ, ಈಚೆಗೆ ಕೀಬೋರ್ಡನ್ನೂ ನುಡಿಸುತ್ತೇನೆ. ಮೇಲಿನ ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ನಾಟಕದ ರಾತ್ರಿ ನಮ್ಮ ಕೆಲಸ ಏನೆಂದು ಕೇಳಿರುವುದರಿಂದ ಅದನ್ನು ಬರೆಯುತ್ತೇನೆ.

ರಂಗದ ಮುಂದೆ, ಪ್ರೇಕ್ಷಕರಿಗೆ ಬೆನ್ನು ಹಾಕಿ ನಾವು ಕೂರುತ್ತೇವೆ. ಹಾರ್ಮೋನಿಯಂ ಮಧ್ಯೆ, ಒಂದು ಪಕ್ಕ ತಬಲಾ, ಇನ್ನೊಂದು ಪಕ್ಕ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್. ಹಿಂದೆ ಕ್ಲಾರಿಯೊನೆಟ್ ಇರುತ್ತಿತ್ತು. ಕಾಲಿನಿಂದ ತಿದಿ ಒತ್ತುವ ಲೆಗ್ ಹಾರ್ಮೋನಿಯಂ ಇರುತ್ತಿದ್ದುದರಿಂದ ಎರಡು ಕೈಗಳೂ ಬಿಡುವಾಗಿ, ಮೇಷ್ಟ್ರು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸಬಹುದಾಗಿತ್ತು. ರಾತ್ರಿ ಒಂಬತ್ತಕ್ಕೆ ನಾಂದಿ ಪದ್ಯ ಹಾಡಿಸಿದರೆ ಬೆಳಿಗ್ಗೆ ಗದಾಯುದ್ಧ ಮುಗಿಯುವವರೆಗೆ ನಾವು ಏಳುವಂತಿಲ್ಲ. ಪಾತ್ರಧಾರಿಗೆ ಒಂದು ದೃಶ್ಯವಾದ ಮೇಲೆ ವಿಶ್ರಾಂತಿಯುಂಟು. ದೊಡ್ಡ ಪಾತ್ರವಾದರೆ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ. ಹಾರ್ಮೋನಿಯಂಗೆ ಎರಡನೆಯವರಿಲ್ಲ.

ಕಷ್ಟದ ಭಾಗ ಶ್ರುತಿಯದು. ಗಂಡಸರು ಸಾಮಾನ್ಯವಾಗಿ ಒಂದು ಮನೆಯಿಂದ ಎರಡೂವರೆ ಮನೆಯೊಳಗೆ ಹಾಡುತ್ತಾರೆ, ಕಲಾವಿದೆಯರು ಐದು ಮನೆ, ಐದೂವರೆ ಮನೆಗೆ ಹಾಡುತ್ತಾರೆ. ಅಭಿಮನ್ಯು ಮತ್ತು ಉತ್ತರೆಯರ ದೃಶ್ಯದಲ್ಲಿ ಅವನೊಂದು ಪದ್ಯ, ಅವಳೊಂದು ಪದ್ಯ ಎಂದು ಸಾಗುವಾಗ, ಮಾತಿನ ಕೊನೆಯ ಪದ ಮುಗಿಯುವುದರೊಳಗೆ ಮುಂದಿನವರ ಶ್ರುತಿಯನ್ನು ಹಿಡಿದು ಕೊಡಬೇಕು. ಅಂಜಿಕೆಯಿಂದ ಪಾತ್ರಧಾರಿ ಒಂದು ಮನೆ ಮೇಲೆ ಎತ್ತಿಕೊಂಡರೆ ಅವನನ್ನು ಕೆಳಗೆ ಎಳೆಯಲಾಗದು. ನಾವೇ ಮೇಲೆ ಹೋಗಬೇಕು. ಕಂದ ಪದ್ಯವನ್ನು ತಾಳವಿಲ್ಲದೆ ಹಾಡುತ್ತಾರೆ, ಆದ್ದರಿಂದ ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂಬುದನ್ನು ಅವನ ಭುಜ ನೋಡಿ ತಿಳಿಯಬೇಕು. ಕೊನೆಯ ಸಾಲಿನ ಕೊನೆಯ ಅಕ್ಷರದಲ್ಲಿ ಅವನು ಸ್ವರ ಹಿಡಿದು ನಿಂತಾಗ ನಾವು ಕೆಳಗಿನಿಂದ ಸ್ವರಗಳನ್ನು ಓಡಿಸಿಕೊಂಡು ಹೋಗಿ ಅವನನ್ನು ಮುಟ್ಟುತ್ತೇವೆ, ತಬಲಾ ಬೀಳುತ್ತದೆ, ಜನ ‘ಒನ್ಸ್ ಮೋರ್’ ಎನ್ನುತ್ತಾರೆ. ಆಗ ಹಾಡಿದವನು ಒಬ್ಬ, ಹಾಡಿಸಿದವರು ಇಬ್ಬರು.

ಮಾತು ಮರೆತವನಿಗೆ ಮೊದಲ ಪದವನ್ನು ಪಿಸುಗುಟ್ಟುವುದೂ ನಮ್ಮ ಕೆಲಸವೇ. ವೃತ್ತಿ ನಾಟಕ ಕಂಪನಿಗಳಲ್ಲಿ ಇದಕ್ಕೆ ಪ್ರಾಂಪ್ಟರ್ ಎಂಬ ಬೇರೆ ವ್ಯಕ್ತಿ ಸೈಡ್ ವಿಂಗ್‌ನಲ್ಲಿ ಹಸ್ತಪ್ರತಿ ಹಿಡಿದು ನಿಂತಿರುತ್ತಿದ್ದರು.

ಇವೆಲ್ಲ ಎಲ್ಲಿಂದ ಬಂದವು ಎಂಬುದನ್ನೂ ಕರಪತ್ರದಲ್ಲಿ ಬರೆಯಿರಿ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ಊರೂರು ಮೊಕ್ಕಾಂ ಮಾಡಿ ನಾಟಕವನ್ನು ಜನರ ನಾಲಗೆಗೆ ತಂದಿತು. 1934ರಲ್ಲಿ ಅವರು ‘ಕುರುಕ್ಷೇತ್ರ’ವನ್ನು ಆಡಿದಾಗ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಆ ಆನೆಗಳ ಮಾತನ್ನು ಎಲ್ಲರೂ ಇಂದಿಗೂ ಹೇಳುತ್ತಾರೆ. ಆ ಕಂಪನಿಯ ವಾದ್ಯಗಾರರ ಹೆಸರುಗಳನ್ನು ಹೇಳುವವರು ಈಗ ಎಷ್ಟು ಮಂದಿ ಸಿಕ್ಕಾರು? ಕಂಪನಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅಲ್ಲಿದ್ದ ಹಾರ್ಮೋನಿಯಂ ಮೇಷ್ಟ್ರುಗಳು ಹಳ್ಳಿಗಳಿಗೆ ಬಂದು ರೈತರಿಗೆ ನಾಟಕ ಕಲಿಸಿದರು. ನನ್ನ ಗುರುಗಳ ಗುರುಗಳು ಹಾಗೆ ಬಂದವರು. ಇಂದು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿಯೂ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿಯೂ ಹಳ್ಳಿಯ ತಂಡಗಳು ಬಂದು ಹಗಲಿಡೀ ಪೌರಾಣಿಕ ನಾಟಕ ಆಡುತ್ತವೆಂದರೆ, ಅದರ ಹಿಂದೆ ಈ ಮೇಷ್ಟ್ರುಗಳ ಎರಡು ಮೂರು ತಲೆಮಾರಿನ ದುಡಿಮೆಯಿದೆ.

ಮಲಪ್ರಭೆಯ ದಂಡೆ:

ಎಲ್ಲರಿಗೂ ಶರಣು. ನಮ್ಮ ಉತ್ತರ ಕರ್ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ನಾವು ಪೇಟಿ ಮಾಸ್ತರ ಎನ್ನುತ್ತೇವೆ. ನಿಮ್ಮಲ್ಲಿ ಊರಿನವರೇ ನಾಟಕ ಆಡಿ ಮೇಷ್ಟ್ರನ್ನು ಕರೆಸಿಕೊಳ್ಳುತ್ತಾರೆ. ಅದು ನಮ್ಮಲ್ಲಿಯೂ ಇದೆ, ಆದರೆ ನಮ್ಮಲ್ಲಿ ವೃತ್ತಿ ಕಂಪನಿಗಳು ಇನ್ನೂ ಉಸಿರಾಡುತ್ತಿವೆ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಜನವರಿಯಲ್ಲಿ ಬಂದು ನೋಡಿರಿ, ಸಾಲು ಸಾಲಾಗಿ ಕಂಪನಿಗಳ ತಗಡಿನ ಥಿಯೇಟರುಗಳು ನಿಂತಿರುತ್ತವೆ, ಒಂದೊಂದು ಕಂಪನಿಯೂ ದಿನಕ್ಕೆ ಹಲವು ಆಟ ಆಡುತ್ತದೆ. ಅಲ್ಲಿ ಗೇಟ್ ಕಾಯುವವನು ಸಂಜೆಯ ಆಟದಲ್ಲಿ ಪೊಲೀಸನ ಪಾತ್ರ ಮಾಡುತ್ತಾನೆ, ಅಡುಗೆಯವರು ಪರದೆಯ ಹಗ್ಗ ಎಳೆಯುತ್ತಾರೆ. ಹೀಗಾಗಿ ಮುಂದಿನವರು, ಹಿಂದಿನವರು ಎಂದು ಬೇರ್ಪಡಿಸುವುದು ಕಷ್ಟ.

ಹಿಂದೂಸ್ತಾನಿ ಸಂಗೀತದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ನಾಟಕ ಕಂಪನಿಯಿಂದ ಬಂದವರು ಎಂಬುದನ್ನು ನೆನಪಿಸಲು ಇಚ್ಛಿಸುತ್ತೇನೆ. ಮಲ್ಲಿಕಾರ್ಜುನ ಮನ್ಸೂರರು ಬಾಲಕರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು, ಅಲ್ಲಿ ಅವರ ಹಾಡು ಕೇಳಿ ಮೆಚ್ಚಿದ ನೀಲಕಂಠಬುವಾ ಅವರು ಶಿಷ್ಯನನ್ನಾಗಿ ಸ್ವೀಕರಿಸಿದರು. ಬಸವರಾಜ ರಾಜಗುರು ಅವರೂ ಅದೇ ಕಂಪನಿಯಲ್ಲಿ ಹುಡುಗನಾಗಿದ್ದಾಗ ಹಾಡಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಆಮೇಲೆ ಪುಟ್ಟರಾಜ ಗವಾಯಿಗಳೂ ನಾಟಕ ಕಂಪನಿಯನ್ನೇ ನಡೆಸಿ, ಅಂಧ ಮಕ್ಕಳ ಅನ್ನ ಮತ್ತು ವಿದ್ಯೆಗೆ ಅದನ್ನು ಆಧಾರ ಮಾಡಿಕೊಂಡರು. ಪುಟ್ಟರಾಜರು ಸ್ವತಃ ನಾಟಕಗಳನ್ನು ಬರೆದರು. ಕಣ್ಣಿಲ್ಲದವರು ಪಾತ್ರಧಾರಿಯ ಭುಜವನ್ನು ನೋಡಿ ಉಸಿರು ಹಿಡಿಯುವಂತಿಲ್ಲ, ‘ಎರಡೂವರೆ ಮನೆ’ಯವರೇ, ನಮ್ಮ ಊರಿಗೆ ಬರುತ್ತಿದ್ದ ಒಬ್ಬ ಅಂಧ ಪೇಟಿ ಮಾಸ್ತರರು ಹಲಗೆಯ ಮೇಲೆ ಪಾತ್ರಧಾರಿಯ ಹೆಜ್ಜೆಯ ಸಪ್ಪಳ ಕೇಳಿಯೇ ಯಾರು ಬಂದರೆಂದು ತಿಳಿದು ಅವರ ಶ್ರುತಿಯ ಪಟ್ಟಿ ಹಿಡಿಯುತ್ತಿದ್ದರು. ನಾನು ಚಿಕ್ಕವನಾಗಿದ್ದಾಗ ಅವರ ಪಕ್ಕದಲ್ಲಿ ಕುಳಿತು ಚಹಾದ ಲೋಟ ಕೈಗಿಡುತ್ತಿದ್ದೆ. ಹೆಜ್ಜೆ ತಪ್ಪಾಗಿ ಕೇಳಿ ಅವರು ಬೇರೆ ಪಟ್ಟಿ ಹಿಡಿದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

2017ರಲ್ಲಿ ನಮ್ಮನ್ನಗಲಿದ ಏಣಗಿ ಬಾಳಪ್ಪನವರು ನಟ, ಗಾಯಕ, ಕಂಪನಿಯ ಮಾಲೀಕ ಮೂರೂ ಆಗಿದ್ದವರು. 1914ರಲ್ಲಿ ಹುಟ್ಟಿ ನೂರು ವರ್ಷ ದಾಟಿ ಬಾಳಿದ ಅವರ ಬಸವಣ್ಣನ ಪಾತ್ರವನ್ನು ನಮ್ಮ ತಂದೆಯವರು ಹತ್ತಾರು ಸಲ ನೋಡಿದ್ದರು. ಅವರು ವಚನ ಹಾಡುವಾಗ ಜನ ಕೈಮುಗಿಯುತ್ತಿದ್ದರಂತೆ.

ಮೈಸೂರಿನ ವಿದ್ಯಾರ್ಥಿನಿ:

ನಾನು ರಂಗಭೂಮಿಯನ್ನು ಅಧ್ಯಯನ ಮಾಡುತ್ತಿದ್ದೇನೆ, ಎರಡು ಮಾತು ಸೇರಿಸಲು ಅನುಮತಿ ಕೋರುತ್ತೇನೆ. ಆಧುನಿಕ ರಂಗಭೂಮಿಗೆ ಸಂಗೀತವನ್ನು ಮರಳಿ ತಂದ ಬಿ. ವಿ. ಕಾರಂತರು ಹುಡುಗನಾಗಿ ಮನೆಬಿಟ್ಟು ಬಂದು ಸೇರಿದ್ದು ಗುಬ್ಬಿ ಕಂಪನಿಯನ್ನೇ. ಅವರನ್ನು ಓದಲು ಬನಾರಸಿಗೆ ಕಳುಹಿಸಿದವರು ವೀರಣ್ಣನವರು; ಅಲ್ಲಿ ಅವರು ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟುವಾಗಲೂ ಕಂಪನಿಯ ಆ ಪಾಠ ಅವರ ಜೊತೆಗಿತ್ತು ಎಂದೇ ನಾನು ತಿಳಿದಿದ್ದೇನೆ.

ಎರಡನೆಯದು ಸ್ತ್ರೀಯರದು. ಆರ್. ನಾಗರತ್ನಮ್ಮನವರು 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುವಂತೆ ತಂಡ ನಡೆಸಿದರು. ಕಂಸ, ಭೀಮ, ರಾವಣ ಇವು ಅವರು ಹೆಸರು ಮಾಡಿದ ಪಾತ್ರಗಳು. ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು, ಅದೇ ವರ್ಷ ಅವರು ತೀರಿಕೊಂಡರು. ಹಾಗಿದ್ದೂ ಹಳ್ಳಿಯ ನಾಟಕಗಳಿಗೆ ಇಂದು ಬರುವ ಕಲಾವಿದೆಯರ ಬಗ್ಗೆ ಬರಹವೇ ಸಿಗುತ್ತಿಲ್ಲ. ಈ ಚರ್ಚೆಯಲ್ಲಿ ಅಂಥವರು ಯಾರಾದರೂ ಇದ್ದರೆ ದಯವಿಟ್ಟು ಮಾತನಾಡಬೇಕು.

ಬಣ್ಣದ ಪೆಟ್ಟಿಗೆ:

ಮಗಳೇ, ನೀನು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಟೈಪ್ ಮಾಡುತ್ತಿರುವುದು ನನ್ನ ಮೊಮ್ಮಗ, ಹೇಳುತ್ತಿರುವವಳು ನಾನು. ಹದಿನಾಲ್ಕನೆಯ ವಯಸ್ಸಿನಿಂದ ರಂಗದ ಮೇಲಿದ್ದೇನೆ, ಈಗ ಅರವತ್ತು ದಾಟಿದೆ.

ನಮ್ಮನ್ನು ಒಂದು ರಾತ್ರಿಗೆ ಕರೆಸುತ್ತಾರೆ. ಊರಿನವರು ನಾಲ್ಕು ತಿಂಗಳು ಅಭ್ಯಾಸ ಮಾಡಿರುತ್ತಾರೆ. ನಾವು ಅವರನ್ನು ಮೊದಲು ನೋಡುವುದು ಅಂದು ಸಂಜೆ, ಬಣ್ಣ ಹಚ್ಚಿಕೊಳ್ಳುವಾಗ. ‘ನಿಮ್ಮ ಭೀಮ ಯಾರಪ್ಪ, ನನ್ನ ಕೃಷ್ಣ ಯಾರಪ್ಪ’ ಎಂದು ಕೇಳಿ ತಿಳಿದುಕೊಳ್ಳುತ್ತೇನೆ. ರುಕ್ಮಿಣಿ, ದ್ರೌಪದಿ, ಕುಂತಿ, ಉತ್ತರೆ, ಗಾಂಧಾರಿ ಇವರೆಲ್ಲರ ಮಾತು, ಪದ್ಯ, ಹಾಡು ನನಗೆ ಕಂಠಪಾಠ. ಎಷ್ಟೋ ರಾತ್ರಿ ಒಬ್ಬಳೇ ಮೂರು ಪಾತ್ರ ಮಾಡಿದ್ದೇನೆ: ಹತ್ತು ಗಂಟೆಗೆ ರುಕ್ಮಿಣಿಯಾಗಿ ನಗಬೇಕು, ಎರಡಕ್ಕೆ ದ್ರೌಪದಿಯಾಗಿ ಬಿಚ್ಚಿದ ಮುಡಿಯಲ್ಲಿ ಭೀಮನನ್ನು ಕೆರಳಿಸಬೇಕು, ನಾಲ್ಕಕ್ಕೆ ಕುಂತಿಯಾಗಿ ಕರ್ಣನ ಮುಂದೆ ಸೆರಗೊಡ್ಡಬೇಕು.

ಊರಿನ ಪಾತ್ರಧಾರಿ ಪದ್ಯ ಮರೆತಾಗ ಮೇಷ್ಟ್ರು ಮುಂದಿನಿಂದ ಎತ್ತಿಕೊಡುತ್ತಾರೆ. ಎದುರಿಗೆ ನಿಂತ ನಾವೂ ಎತ್ತಿಕೊಡುತ್ತೇವೆ. ಅವನ ಮಾತನ್ನೇ ಪ್ರಶ್ನೆಯಾಗಿ ಮಾಡಿ, ‘ಏನು ಸ್ವಾಮಿ, ಸಂಧಿಗೆ ಹೋಗುವೆನೆಂದು ಹೇಳಬೇಕೆಂದಿದ್ದಿರಾ?’ ಎಂದು ಕೇಳಿದರೆ ಅವನಿಗೆ ದಾರಿ ಸಿಗುತ್ತದೆ, ಜನರಿಗೆ ಗೊತ್ತಾಗುವುದಿಲ್ಲ. ಹೀಗೆ ದಡ ಸೇರಿಸಿದ ಗಂಡುಮಕ್ಕಳ ಲೆಕ್ಕ ನನ್ನಲ್ಲಿಲ್ಲ. ಬೆಳಿಗ್ಗೆ ಅವರ ಕೊರಳಲ್ಲಿ ಹಾರಗಳಿರುತ್ತವೆ, ನೋಟಿನ ಮಾಲೆಯೂ ಇರುತ್ತದೆ. ಅದನ್ನು ನೋಡಿ ಸಂತೋಷಪಟ್ಟಿದ್ದೇನೆ, ಸುಳ್ಳು ಹೇಳುತ್ತಿಲ್ಲ. ‘ಅಮ್ಮ, ನಿಮ್ಮಿಂದ ಉಳಿದೆ’ ಎಂದು ಕಾಲು ಮುಟ್ಟಿದವರೂ ಇದ್ದಾರೆ.

ನೋವಿನದನ್ನೂ ಹೇಳಬೇಕು. ಒಂದು ಊರಿನಲ್ಲಿ, ಹೆಸರು ಬೇಡ, ಕರ್ಣ ಮತ್ತು ಕುಂತಿಯರ ದೃಶ್ಯವನ್ನು ನಡುವೆಯೇ ನಿಲ್ಲಿಸಿ ಸಿನಿಮಾ ಹಾಡು ಹಾಕಿ ಕುಣಿಯಲು ಹೇಳಿದರು. ನಾನು ಕುಂತಿಯ ಬಿಳಿ ಸೀರೆಯಲ್ಲಿದ್ದೆ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಟ್ಟು ಎದ್ದು ನಿಂತು, ದೃಶ್ಯ ಮುಗಿಯುವವರೆಗೆ ಬೇರೇನೂ ನಡೆಯುವುದಿಲ್ಲ ಎಂದರು. ಆಮೇಲೆ ದೃಶ್ಯ ನಡೆಯಿತು, ಆದರೆ ಆ ಊರಿನವರು ಮುಂದಿನ ವರ್ಷ ಅವರನ್ನು ಕರೆಯಲಿಲ್ಲವೆಂದು ಕೇಳಿದೆ. ಇನ್ನೊಂದು ಕಡೆ ಬಟ್ಟೆ ಬದಲಾಯಿಸಲು ಜಾಗ ಕೊಡದೆ, ಸೀನರಿಯ ಹಿಂದೆ ಎರಡು ಸೀರೆ ಕಟ್ಟಿ ನಾವೇ ಮರೆ ಮಾಡಿಕೊಂಡೆವು.

ಮೊದಲು ಅರದಾಳ, ಸಫೇದ, ಇಂಗಳೀಕ ಕಲಸಿ ಬಣ್ಣ ಮಾಡುತ್ತಿದ್ದರು, ಕೊಬ್ಬರಿ ಎಣ್ಣೆಯಿಂದ ತೆಗೆಯುವಾಗ ಚರ್ಮ ಉರಿಯುತ್ತಿತ್ತು. ಈಗಿನ ಬಣ್ಣ ಹಗುರ. ಬಣ್ಣದವರ ಹೆಸರನ್ನು ಬರೆಯುವಾಗ ಮರೆಯಬೇಡಿ. ಇಪ್ಪತ್ತು ಮುಖಗಳನ್ನು ಎರಡು ಗಂಟೆಯಲ್ಲಿ ತಿದ್ದಿ, ರಾತ್ರಿಯಿಡೀ ಮೀಸೆ ಅಂಟಿಸುತ್ತ ಎಚ್ಚರವಿರುತ್ತಾರೆ.

ಕಲ್ಪತರು ನಾಡಿನವನು:

ಅಮ್ಮ, ತಮ್ಮ ಮಾತು ಓದಿದ ಮೇಲೆ ನಮ್ಮ ಸಮಿತಿಯವರೊಂದಿಗೆ ಮಾತನಾಡಿದೆ. ಶಾಲೆಯ ಒಂದು ಕೊಠಡಿಯನ್ನು ಕಲಾವಿದೆಯರಿಗಾಗಿಯೇ ಬೀಗದ ಕೈ ಸಮೇತ ಬಿಟ್ಟುಕೊಡಲು ಒಪ್ಪಿದ್ದಾರೆ. ದೃಶ್ಯಗಳ ನಡುವೆ ಸಿನಿಮಾ ಹಾಡು ಬೇಡವೆಂದು ಹಿರಿಯರು ಹೇಳಿದರು, ಕಿರಿಯರು ಒಪ್ಪಿಲ್ಲ; ಆ ಮಾತು ಇನ್ನೂ ಮುಗಿದಿಲ್ಲ.

ಸೀನರಿ ಮನೆತನದವನು:

ನಮ್ಮ ತಾತನವರು ಪರದೆ ಬರೆಯುತ್ತಿದ್ದರು, ನಮ್ಮ ತಂದೆ ಬಾಡಿಗೆಗೆ ಕೊಡಲು ಆರಂಭಿಸಿದರು, ಈಗ ನಾನು ನಡೆಸುತ್ತಿದ್ದೇನೆ. ಅರಮನೆ, ಕಾಡು, ಬೀದಿ, ಕೈಲಾಸ, ಉದ್ಯಾನ, ಯುದ್ಧಭೂಮಿ ಇಷ್ಟು ಪರದೆಗಳಾದರೂ ಬೇಕು. ಬೆಳಿಗ್ಗೆ ಲಾರಿ ಊರು ಸೇರಿದರೆ ಸಂಜೆಯೊಳಗೆ ಕಂಬ ನೆಟ್ಟು, ಹಲಗೆ ಹಾಸಿ, ಪರದೆ ಏರಿಸಿ, ದೀಪ ಮತ್ತು ಮೈಕು ಕಟ್ಟಬೇಕು. ಆರೇಳು ಹುಡುಗರಿರುತ್ತಾರೆ. ಹಗ್ಗ ಹಿಡಿಯುವವನಿಗೆ ನಾಟಕವೆಲ್ಲ ಬಾಯಿಗೆ ಬರುತ್ತದೆ, ಏಕೆಂದರೆ ಯಾವ ಪದ್ಯದ ಯಾವ ಸಾಲಿಗೆ ಅರಮನೆ ಸುತ್ತಿ ಕಾಡು ಇಳಿಯಬೇಕೆಂದು ಅವನಿಗೆ ಯಾರೂ ಸನ್ನೆ ಮಾಡುವುದಿಲ್ಲ. ಕಪಟ ನಿದ್ರೆಯ ದೃಶ್ಯದಲ್ಲಿ ಕೃಷ್ಣನ ಮಂಚ ಹೂವಿನೊಳಗಿಂದ ತೆರೆದುಕೊಳ್ಳುವಂತೆ ಮಾಡಿದ್ದು ನಮ್ಮ ತಂದೆಯವರ ಕೈಕೆಲಸ. ಅದನ್ನು ತಿರುಗಿಸಲು ಮಂಚದ ಕೆಳಗೆ ಒಬ್ಬ ಹುಡುಗ ಅರ್ಧ ಗಂಟೆ ಮುದುಡಿ ಕುಳಿತಿರುತ್ತಾನೆ. ಚಿಕ್ಕಂದಿನಲ್ಲಿ ಆ ಹುಡುಗ ನಾನೇ ಆಗಿದ್ದೆ, ಕೃಷ್ಣನ ಹಾಡುಗಳನ್ನೆಲ್ಲ ನಾನು ಹಲಗೆಯ ಕೆಳಗಿನಿಂದ ಕಲಿತೆ.

2020ರಲ್ಲಿ ಮತ್ತು 2021ರಲ್ಲಿ ಹಬ್ಬಗಳು ನಿಂತಾಗ ಪರದೆಗಳನ್ನು ಇಲಿ ಕಡಿದವು. ಬಟ್ಟೆಯ ಮೇಲೆ ಕೈಯಿಂದ ಬರೆಯುವವರು ನಮ್ಮ ಕಡೆ ಈಗ ಸಿಗುತ್ತಿಲ್ಲ, ಹರಿದವುಗಳ ಜಾಗಕ್ಕೆ ಅಚ್ಚಾದ ಫ್ಲೆಕ್ಸ್ ಪರದೆಗಳೇ ಬಂದಿವೆ. ಅವುಗಳ ಮೇಲೆ ದೀಪ ಬಿದ್ದರೆ ಹೊಳೆಯುತ್ತದೆ, ತಾತನವರ ಕಾಡಿನ ಪರದೆಯಲ್ಲಿ ಇದ್ದ ಆಳ ಕಾಣುವುದಿಲ್ಲ. ಅವರು ಬರೆದ ಒಂದು ಕಾಡು ಇನ್ನೂ ನನ್ನಲ್ಲಿದೆ. ಬಾಡಿಗೆಗೆ ಕೊಡುವುದಿಲ್ಲ.

ನಾಗಮಂಗಲದ ದುರ್ಯೋಧನ:

ಅಮ್ಮನವರ ಬರಹವನ್ನು ಮನೆಯಲ್ಲಿ ಓದಿ ಹೇಳಿದೆ. ನಾನು ಮೊದಲ ಬಾರಿ ಆಡಿದಾಗ ಕೃಷ್ಣನ ಬಳಿ ಯುದ್ಧಕ್ಕೆ ನೆರವು ಬೇಡಲು ಹೋಗುವ ಪಡೆಯಾಚನೆಯ ದೃಶ್ಯದಲ್ಲಿ ಮಾತು ಮರೆತಿದ್ದೆ, ರುಕ್ಮಿಣಿಯಾಗಿ ನಿಂತಿದ್ದ ಕಲಾವಿದೆ ನನ್ನನ್ನು ಮಾತಿಗೆಳೆದು ಉಳಿಸಿದರು. ಅವರು ಬೇಕೆಂದೇ ಹಾಗೆ ಮಾಡಿದರೆಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ, ಅವರ ಹೆಸರೂ ಈಗ ನೆನಪಿಗೆ ಬರುತ್ತಿಲ್ಲ. ಅಂದಿನ ಲೆಕ್ಕದ ಪುಸ್ತಕ ತೆಗೆದು ನೋಡಿದೆ, ‘ಸ್ತ್ರೀ ಪಾತ್ರ, ಮೂವರು’ ಎಂದಷ್ಟೇ ಬರೆದಿದ್ದೇವೆ.

ಪಾತ್ರಧಾರಿಯ ಭಾವಚಿತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿಯೂ ಫ್ಲೆಕ್ಸ್‌ನಲ್ಲಿಯೂ ಪ್ರತಿಯೊಬ್ಬರ ಹೆಸರನ್ನು ಬರೆಯಬೇಕೆಂದು ನಮ್ಮ ಸಂಘದ ಸಭೆಯಲ್ಲಿ ಹೇಳಿ ಒಪ್ಪಿಸಿದ್ದೇನೆ. ಸಂಭಾವನೆಯನ್ನು ಬೆಳಿಗ್ಗೆ ಕಾಯಿಸದೆ, ಬಣ್ಣ ಹಚ್ಚುವ ಮೊದಲೇ ಅವರ ಕೈಗೆ ಕೊಡಬೇಕೆಂದೂ ಬರೆಸಿದ್ದೇನೆ.

ಎರಡೂವರೆ ಮನೆ:

ಮೊದಲೇ ಕೊಡುವ ಆ ಕ್ರಮಕ್ಕೆ ನನ್ನ ನಮಸ್ಕಾರ. ಬೆಳಿಗ್ಗೆ ಏಳು ಗಂಟೆಗೆ ಎಲ್ಲರೂ ಮನೆಗೆ ಹೋದ ಮೇಲೆ, ಹಣ ಹಿಡಿದವರನ್ನು ಹುಡುಕಿಕೊಂಡು ಪೆಟ್ಟಿಗೆ ಹೊತ್ತು ಬೀದಿ ಅಲೆದದ್ದು ನನಗೆ ನೆನಪಿದೆ.

ಕರಪತ್ರದ ಜೊತೆಗೆ ಇನ್ನೊಂದು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಮೇಷ್ಟ್ರ ಬಳಿ ಪುಸ್ತಕ ಇದ್ದೇ ಇರುತ್ತದೆ. ಅಚ್ಚಾದ ನಾಟಕದಲ್ಲಿ ಪದ್ಯದ ಸಾಹಿತ್ಯವಿದ್ದರೂ ಅದರ ಮಟ್ಟು ಇರುವುದಿಲ್ಲ. ಯಾವ ಪದ್ಯಕ್ಕೆ ಯಾವ ರಾಗ, ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮೇಷ್ಟ್ರ ಪುಸ್ತಕದಲ್ಲಿ ಮಾತ್ರ ಇರುತ್ತದೆ, ಅವರು ಹೋದರೆ ಅದು ಅಟ್ಟ ಸೇರುತ್ತದೆ. ನನ್ನ ಗುರುಗಳ ಪುಸ್ತಕ ಹಾಗೆಯೇ ಹೋಯಿತು. ಪ್ರತಿಯೊಂದು ಪುಟದ ಚಿತ್ರ ತೆಗೆದಿಡಿ, ಅವರಿಂದ ಹಾಡಿಸಿ ಧ್ವನಿ ಮುದ್ರಿಸಿಡಿ.

ಕಲ್ಪತರು ನಾಡಿನವನು:

ಎಲ್ಲರಿಗೂ ಕೃತಜ್ಞತೆಗಳು. ನೆನ್ನೆ ಭಾನುವಾರ ಮೇಷ್ಟ್ರ ಮನೆಗೆ ಹೋಗಿದ್ದೆ. ಈ ಚರ್ಚೆಯನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಅಂಧ ಪೇಟಿ ಮಾಸ್ತರರ ಭಾಗವನ್ನು ಎರಡನೆಯ ಸಲ ಓದಿಸಿದರು. ಕುಂತಿಯ ದೃಶ್ಯದ ಭಾಗ ಬಂದಾಗ ಏನೂ ಹೇಳದೆ ಎದ್ದು ಒಳಗೆ ಹೋಗಿ ಪುಸ್ತಕ ತಂದರು.

ಅದು ಅಂಗಡಿಯ ಲೆಕ್ಕಕ್ಕೆ ಬಳಸುವಂಥ ಉದ್ದನೆಯ, ಕೆಂಪು ಬೈಂಡಿನ ಪುಸ್ತಕ. ಪದ್ಯಗಳು ನೀಲಿ ಶಾಯಿಯಲ್ಲಿವೆ, ರಾಗದ ಹೆಸರುಗಳು ಕೆಂಪು ಶಾಯಿಯಲ್ಲಿವೆ, ಸ್ವರ ಏರುವಲ್ಲಿ ಅಕ್ಷರದ ನೆತ್ತಿಯ ಮೇಲೆ ಸಣ್ಣ ಗೆರೆ ಎಳೆದಿದ್ದಾರೆ. ಪುಟದ ಅಂಚಿನಲ್ಲಿ ಅವರು ನಾಟಕ ಕಲಿಸಿದ ಊರುಗಳ ಹೆಸರು ಮತ್ತು ಇಸವಿ ಇದೆ. ಎಲ್ಲಕ್ಕಿಂತ ಹಿಂದಿನದು 1978. ಪ್ರತಿ ಊರಿನ ಹೆಸರಿನ ಕೆಳಗೆ ಅಲ್ಲಿಯ ಪಾತ್ರಧಾರಿಗಳ ಹೆಸರುಗಳನ್ನೂ, ಯಾರಿಗೆ ಎಷ್ಟು ಮನೆ ಶ್ರುತಿ ಎಂಬುದನ್ನೂ ಬರೆದಿಟ್ಟಿದ್ದಾರೆ. ನಮ್ಮ ಊರಿನ ಪುಟವೂ ಇದೆ. ನನ್ನ ಹೆಸರಿನ ಮುಂದೆ ‘ವಿದುರ, ಒಂದೂವರೆ, ಕೊನೆಯ ಸಾಲು ಅವಸರ’ ಎಂದಿದೆ.

ನಿನ್ನೆಯೇ 60 ಪುಟಗಳ ಚಿತ್ರ ತೆಗೆದುಕೊಂಡೆ. ಉಳಿದವನ್ನು ನಾಟಕ ಮುಗಿದ ಮೇಲೆ ತೆಗೆಯುತ್ತೇನೆ, ಅಲ್ಲಿಯವರೆಗೆ ಪುಸ್ತಕ ಅವರಿಗೆ ಬೇಕು. ಪಡೆಯಾಚನೆಯ ದೃಶ್ಯದಲ್ಲಿ ಒಂದು ಹಾಳೆ ಹರಿದುಹೋಗಿದೆ. ಕೃಷ್ಣನು ಎಚ್ಚರಗೊಂಡು ಅರ್ಜುನನನ್ನು ಮೊದಲು ಕಂಡಾಗ ಹಾಡುವ ಕಂದ ಅದರಲ್ಲಿತ್ತಂತೆ. ಪದ್ಯ ಮೇಷ್ಟ್ರಿಗೆ ನೆನಪಿದೆ, ಆದರೆ ಅವರ ಗುರುಗಳು ಹೇಳಿಕೊಟ್ಟ ಹಳೆಯ ಮಟ್ಟು ಪೂರ್ತಿ ನೆನಪಾಗುತ್ತಿಲ್ಲ. ಬಿಲಹರಿಯಲ್ಲಿ ಆರಂಭವಾಗಿ ಮೂರನೆಯ ಸಾಲಿಗೆ ಬೇರೆ ರಾಗಕ್ಕೆ ಹೊರಳುತ್ತಿತ್ತು ಎಂದಷ್ಟೇ ಹೇಳುತ್ತಾರೆ. ತುಮಕೂರು, ಹಾಸನ, ಮಂಡ್ಯದ ಕಡೆ ಯಾರ ಮೇಷ್ಟ್ರ ಪುಸ್ತಕದಲ್ಲಾದರೂ ಆ ಮಟ್ಟು ಇದ್ದರೆ ದಯವಿಟ್ಟು ಹಾಡಿ ಕಳುಹಿಸಿಕೊಡಿ. ನಾಟಕಕ್ಕೆ ಇನ್ನು ಹನ್ನೆರಡು ದಿನಗಳಿವೆ.